ಹಳೆಯ ಗಣಕಯಂತ್ರಕ್ಕೆ ಹೊಸ ರ‍್ಯಾಮ್

ಹಳೆಯ ವಸ್ತುವನ್ನು ಬಿಸುಡುವ ಮುನ್ನ ಅದರಿಂದ ಇನ್ನೂ ಕೆಲಸವಾದೀತೇ ಎಂದು ವಿಚಾರಿಸುವುದು ನಮ್ಮ ಹಿರಿಯರ ಪದ್ಧತಿ. ಮಕ್ಕಳ ಓದಿಗೆಂದೋ, ಅಡಕೆ ತೆಂಗುಗಳ ಲೆಕ್ಕಕ್ಕೆಂದೋ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಿಗೆ ಹತ್ತು ಹನ್ನೆರಡು ವರ್ಷಗಳ ಹಿಂದೆ ಬಂದ ಗಣಕಯಂತ್ರಗಳು ಈಗ ಆಮೆಯ ನಡಿಗೆ ನಡೆಯುವುದುಂಟು. ರ‍್ಯಾಮ್ ಹಾಕಿಸಿದರೆ ಸಾಕೆಂದು ಒಬ್ಬರು, ಹೊಸದನ್ನೇ ಕೊಳ್ಳಿರೆಂದು ಇನ್ನೊಬ್ಬರು ಹೇಳುವರು. ದುಡ್ಡು ತೆರಬೇಕಾದ ಗೃಹಸ್ಥನು ಹೇಗೆ ನಿರ್ಣಯಿಸಬೇಕು?

ಡಿಸ್ಕು ಮನೆಯ ಉಗ್ರಾಣವಾದರೆ, ರ‍್ಯಾಮ್ ಅಡಿಗೆಯ ಕಟ್ಟೆ. ಕಟ್ಟೆ ಕಿರಿದಾದರೆ ಪ್ರತಿಯೊಂದು ಪದಾರ್ಥಕ್ಕೂ ಉಗ್ರಾಣಕ್ಕೆ ಎಡತಾಕಬೇಕು, ಅಡಿಗೆ ತಡವಾಗುವುದು. ಆದರೆ ಬೇಕಾದುದಕ್ಕಿಂತ ಹಿರಿದಾದ ಕಟ್ಟೆಯಿಂದ ಅಡಿಗೆಯೇನೂ ಬೇಗನಾಗದು. ಹಿರಿಯೂರಿನ ಬಳಿಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಪಾತ್ರೆ ದೊಡ್ಡದೆಂಬ ಮಾತ್ರಕ್ಕೆ ಅದು ತುಂಬುವುದಿಲ್ಲವೆಂಬುದನ್ನು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕೆ?

ಆದುದರಿಂದ ಮೊದಲು ಅಳತೆ. ನಿತ್ಯದ ಕೆಲಸಗಳನ್ನೆಲ್ಲ ತೆರೆದಿಟ್ಟು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಮ್ಮೆಗೇ ಒತ್ತಿದರೆ ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅಲ್ಲಿ ಮೆಮೊರಿಯು ನೂರಕ್ಕೆ ತೊಂಬತ್ತರ ಆಚೆಗೇ ನಿಂತಿದ್ದರೆ ರ‍್ಯಾಮ್ ಸಾಲದೆಂದು ತಿಳಿಯಬಹುದು. ಮೆಮೊರಿ ಅರ್ಧವೂ ತುಂಬದೆ ಡಿಸ್ಕು ಮಾತ್ರ ನೂರಕ್ಕೆ ನೂರು ದುಡಿಯುತ್ತಿದ್ದರೆ ರ‍್ಯಾಮಿನಿಂದ ಫಲವಿಲ್ಲ. ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದೇ ಮೇಲು. 32 ಬಿಟ್ಟಿನ ವಿಂಡೋಸ್ ಇರುವ ಮನೆಗಳಲ್ಲಿ ಸಾಮಾನ್ಯವಾಗಿ 4 ಜಿಬಿಯ ಮೇಲೆ ಹಾಕಿದುದು ವ್ಯರ್ಥ.

ಎರಡನೆಯದು ಬಗೆ. ಡಿಡಿಆರ್2, ಡಿಡಿಆರ್3 ಪಟ್ಟಿಗಳೆರಡಕ್ಕೂ 240 ಸಂಪರ್ಕಬಿಂದುಗಳಿದ್ದರೂ ನಡುವಣ ಕಚ್ಚು ಬೇರೆ ಬೇರೆ ಕಡೆಗಿರುವುದು. ಡಿಡಿಆರ್4ಕ್ಕೆ 288 ಬಿಂದುಗಳು. ಒಂದರ ಕೊಂಡಿಯಲ್ಲಿ ಇನ್ನೊಂದು ಕೂರದು. ನಾವೇ ಒಮ್ಮೆ ನೋಡದೆ ಕೊಂಡು, ಮನೆಗೆ ಬಂದು ಕೂರಿಸಹೋಗಿ ಪೆಚ್ಚಾದೆವು. ಅಂದಿನಿಂದ ಹಳೆಯ ಪಟ್ಟಿಯನ್ನು ಕಳಚಿ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ನಮ್ಮ ರೂಢಿಯಾಯಿತು. ಸರ್ವರುಗಳಿಂದ ಕಳಚಿದ ರಿಜಿಸ್ಟರ್ಡ್ ರ‍್ಯಾಮ್ ಅಗ್ಗವಾಗಿ ದೊರೆತರೂ ಮನೆಯ ಸಾಮಾನ್ಯ ಯಂತ್ರದಲ್ಲಿ ಅದು ನಡೆಯದು. ‘ಎಎಂಡಿಗೆ ಮಾತ್ರ’ ಎಂದು ಮಾರುವುದನ್ನು ಇಂಟೆಲ್ ಯಂತ್ರದವರು ಮುಟ್ಟದಿರುವುದು ಲೇಸು.

ಮೂರನೆಯದು ಮದರ್‌ಬೋರ್ಡಿನ ಮಿತಿ. ಇಂಟೆಲ್ಲಿನ ಎಚ್61 ಬಗೆಯದು 16 ಜಿಬಿಯವರೆಗೆ, ಅದಕ್ಕೂ ಹಳೆಯ ಜಿ41 ಬಗೆಯದು 8 ಜಿಬಿಯವರೆಗೆ ಹೊರುವುದು. ಜಿ41ಕ್ಕೆ 4 ಜಿಬಿಯ ಡಿಡಿಆರ್3 ಪಟ್ಟಿ ಕೊಳ್ಳುವವರು ಎರಡು ಮಗ್ಗುಲುಗಳಲ್ಲಿ ಸೇರಿ 16 ಚಿಪ್ಪುಗಳಿರುವುದನ್ನೇ ಆರಿಸತಕ್ಕದ್ದು. ಎಂಟೇ ಚಿಪ್ಪಿನದನ್ನು ಆ ಬೋರ್ಡು ಸರಿಯಾಗಿ ಗುರುತಿಸದು.

ಇನ್ನು ಜೋಡಿ. ಒಂದೇ ಅಳತೆಯ ಎರಡು ಪಟ್ಟಿಗಳು ಜೋಡೆತ್ತುಗಳಂತೆ ಕೂಡಿ ದುಡಿಯುವುವು. ವೇಗ ಬೇರೆಯಾದರೆ ಚುರುಕಿನದು ನಿಧಾನದ ಹೆಜ್ಜೆಗೇ ಇಳಿಯುವುದು. ಅಂತರ್ಜಾಲ, ಮಕ್ಕಳ ಪಾಠ, ಲೆಕ್ಕಪತ್ರಗಳಿಗೆ 8 ಜಿಬಿ ಸಾಕೆಂಬುದು ನಮ್ಮ ಅಭಿಪ್ರಾಯ. ಬರಿಯ ಬರವಣಿಗೆಗೆ 4 ಜಿಬಿಯೂ ನಡೆದೀತು. ಕೂರಿಸುವಾಗ ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯ ಬರಿಯ ಲೋಹವನ್ನೊಮ್ಮೆ ಮುಟ್ಟಿ, ಪಟ್ಟಿಯ ಅಂಚನ್ನು ಮಾತ್ರ ಹಿಡಿಯಬೇಕು. ಎರಡು ತುದಿಗಳನ್ನೂ ಸಮನಾಗಿ ಒತ್ತಿದರೆ ಕೊಂಡಿ ಟಕ್ಕೆಂದು ಕೂಡಿಕೊಳ್ಳುವುದು.

ಒಂದು ಮಾತನ್ನು ಮರೆಯಲಾಗದು. ವಿಂಡೋಸ್ 10ಕ್ಕೆ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಬಹಳ ಹಳೆಯ ಸಂಸ್ಕಾರಕಗಳನ್ನು ಒಪ್ಪದು. ಈ ಕೊರತೆಯನ್ನು ಎಷ್ಟು ರ‍್ಯಾಮ್ ಹಾಕಿಸಿದರೂ ನೀಗಲಾಗದು. ಅಂತಹ ಯಂತ್ರದಲ್ಲಿ ಉಚಿತವಾಗಿ ದೊರೆಯುವ ಲಿನಕ್ಸ್ ಹಾಕಿಕೊಂಡು ಮಕ್ಕಳ ಓದಿಗೆ ಬಿಡಬಹುದು. ಬ್ಯಾಂಕಿನ ವ್ಯವಹಾರವನ್ನು ರಕ್ಷಣೆ ತಪ್ಪಿದ ವಿಂಡೋಸಿನಲ್ಲಿ ನಡೆಸಬಾರದು.

ಅಳತೆ, ಬಗೆ, ಮಿತಿ ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಪೇಟೆಗೆ ಹೋದ ಗೃಹಸ್ಥನು ಅಂಗಡಿಯವನ ಮಾತಿಗೆ ತಲೆದೂಗಬೇಕಾಗಿಲ್ಲ. ಆಗ ಸ್ವಲ್ಪ ಹಣದಲ್ಲಿಯೇ ಹಳೆಯ ಯಂತ್ರವು ಮನೆಗೆ ಇನ್ನೂ ಕೆಲವು ವರ್ಷ ಸೇವೆ ಸಲ್ಲಿಸೀತು. ಸಲ್ಲಿಸಲಾರದೆಂದು ತಿಳಿದರೂ, ಆ ಸ್ವಲ್ಪ ಹಣವಾದರೂ ಉಳಿದೀತು.