ಪ್ರವಚನ ಭವನ: ಭಾರ ಹೊರಬೇಕು, ಮಾತು ಕೇಳಿಸಬೇಕು

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಜೈನ ಸಮಾಜಕ್ಕೆ ಚಾತುರ್ಮಾಸವೆಂದರೆ ಪ್ರವಚನದ ಕಾಲ. ಆಗಲೇ ಮಳೆ ಬರುತ್ತದೆ, ಆಗಲೇ ಭವನವೂ ಜನರಿಂದ ತುಂಬುತ್ತದೆ. ಮೈಕ್ ಬಳಸದ ಮುನಿಗಳು, ಸಾಧ್ವಿಯರು ಹಲವರಿದ್ದಾರೆ. ಆದ್ದರಿಂದ ಭವನ ಕಟ್ಟುವ ಸಮಿತಿಯವರು ಭಾರ ಮತ್ತು ಧ್ವನಿ ಎರಡರ ಬಗ್ಗೆಯೂ ಸ್ವಲ್ಪ ತಿಳಿದಿರಬೇಕು.

ಭಾರದಲ್ಲಿ ಎರಡು ವಿಧ. ಕಟ್ಟಡದ ಸ್ವಂತ ತೂಕ ಸ್ಥಿರ ಭಾರ. ಜನ, ಸಾಮಾನು, ನೀರು ಬದಲಾಗುವ ಭಾರ. 5 ಇಂಚು ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಒಂದು ಚದರ ಮೀಟರಿಗೆ 300 ಕೆ.ಜಿ.ಗೂ ಹೆಚ್ಚು ತೂಗುತ್ತದೆ. 1000 ಲೀಟರ್ ಟ್ಯಾಂಕಿನ ನೀರೇ 1 ಟನ್. ಈ ಭಾರವೆಲ್ಲ ಸ್ಲ್ಯಾಬಿನಿಂದ ಬೀಮಿಗೆ, ಬೀಮಿನಿಂದ ಕಂಬಕ್ಕೆ, ಕಂಬದಿಂದ ಬುನಾದಿಗೆ ಇಳಿಯುತ್ತದೆ. ಜಾಗ ಸಾಲದೆಂದು ನಡುವಿನ ಕಂಬ ಅಥವಾ ಭಾರ ಹೊತ್ತ ಗೋಡೆ ತೆಗೆದರೆ ಈ ದಾರಿಯೇ ತುಂಡಾಗುತ್ತದೆ.

ಭಾರ ಬಿದ್ದಾಗ ಬೀಮ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಭಾಗ ಅದುಮುತ್ತದೆ, ಕೆಳಭಾಗ ಎಳೆಯುತ್ತದೆ. ಕಲ್ಲು ಮತ್ತು ಕಾಂಕ್ರೀಟ್ ಅದುಮುವಿಕೆಯನ್ನು ಚೆನ್ನಾಗಿ ತಡೆಯುತ್ತವೆ, ಎಳೆತವನ್ನು ತಡೆಯಲಾರವು. 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಯಂಥ ಕಲ್ಲಿನ ಕಟ್ಟಡಗಳಲ್ಲಿ ಕಂಬಗಳು ಹತ್ತಿರ ಹತ್ತಿರ ಇರುವುದು ಕಲ್ಲಿನ ಈ ಗುಣಕ್ಕೆ ಹೊಂದುತ್ತದೆ. ಇಂದು ಎಳೆತವನ್ನು ಕಬ್ಬಿಣದ ಸರಳು ಹೊರುತ್ತದೆ. ಎರಡು ಕಂಬಗಳ ನಡುವೆ ಮುಖ್ಯ ಸರಳು ಕೆಳಗಿರಬೇಕು. ಹೊರಗೆ ಚಾಚಿದ ಬಾಲ್ಕನಿಯಲ್ಲಿ ಎಳೆತ ಮೇಲ್ಭಾಗದಲ್ಲಿರುವುದರಿಂದ ಸರಳೂ ಮೇಲಿರಬೇಕು. ಕಾಂಕ್ರೀಟ್ ಹಾಕುವಾಗ ಕೂಲಿಕಾರರ ಕಾಲಡಿ ಆ ಸರಳು ಕೆಳಗಿಳಿದರೆ ಬಾಲ್ಕನಿ ಕುಸಿಯಬಹುದು.

ಕೊನೆಗೆ ಭಾರ ಹೊರುವುದು ನೆಲ. ಮಸ್ಕಿಯಲ್ಲಿ ಅಶೋಕನ ಶಾಸನವಿರುವ ಗುಡ್ಡದಂಥ ಬಂಡೆ ಸಿಕ್ಕರೆ ಚಿಂತೆಯಿಲ್ಲ. ಸಿಂಧನೂರಿನ ಕಾಲುವೆ ನೀರಿನ ಭತ್ತದ ಸೀಮೆಯಲ್ಲಿರುವುದು ಹೆಚ್ಚಾಗಿ ಎರೆಮಣ್ಣು. ನೀರು ಕುಡಿದರೆ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬುನಾದಿ ಒಂದು ಮೂಲೆಯಲ್ಲಿ ಎದ್ದು ಇನ್ನೊಂದರಲ್ಲಿ ಕುಸಿದರೆ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ. ಬುನಾದಿಯನ್ನು ಎರೆಮಣ್ಣು ದಾಟಿಸಿ ಗಟ್ಟಿ ನೆಲಕ್ಕೆ ಒಯ್ಯಬೇಕು. ಎರೆ ಬಹಳ ಆಳವಿದ್ದರೆ ತಳ ಅಗಲವಾದ ಪೈಲ್ ಹಾಕುವ ಪದ್ಧತಿಯಿದೆ. ಬಚ್ಚಲು ಮತ್ತು ಛಾವಣಿಯ ನೀರು ಬುನಾದಿಯ ಬಳಿ ನಿಲ್ಲಬಾರದು.

ಇನ್ನು ಧ್ವನಿ. ಅದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎದುರು ಗೋಡೆ 17 ಮೀಟರಿಗಿಂತ ದೂರವಿದ್ದರೆ ಪ್ರತಿಧ್ವನಿ ಬೇರೆಯಾಗಿ ಕೇಳುತ್ತದೆ. ಚಿಕ್ಕ ಭವನದಲ್ಲಿ ಅಮೃತಶಿಲೆಯ ನೆಲ, ಟೈಲ್ಸ್ ಗೋಡೆ, ಬೋಳು ಛಾವಣಿಗಳಿಗೆ ಬಡಿದ ಮಾತು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಜಮಖಾನೆ, ದಪ್ಪ ಪರದೆ, ಕುಳಿತ ಜನ ಧ್ವನಿಯನ್ನು ಹೀರುತ್ತಾರೆ. ಖಾಲಿ ಭವನದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ದೋಷ ತಿಳಿಯುತ್ತದೆ. ಮೊದಲು ಹಿಂಬದಿಯ ಗೋಡೆಗೆ ಪರದೆ ಹಾಕುವುದು ಒಳ್ಳೆಯದು.

ದಾನಿಗಳ ಹಣ ಅಮೃತಶಿಲೆಗೆ ಹೋಗುವ ಮೊದಲು ಮಣ್ಣಿನ ಪರೀಕ್ಷೆಗೆ ಮತ್ತು ಸ್ಟ್ರಕ್ಚರಲ್ ಇಂಜಿನಿಯರ್ ನಕ್ಷೆಗೆ ಹೋಗಲಿ. ನೂರಾರು ಜನ ಕೂರುವ ಜಾಗದಲ್ಲಿ ಜೀವರಕ್ಷಣೆಯೂ ಅಹಿಂಸೆಯೇ.