ಕಡಲ ದಂಡೆಯಲ್ಲಿ ಇಳಿಹೊತ್ತಿನ ಒಳ್ಳೆಯ ಚಹಾ



ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಅನೇಕ ಕುಟುಂಬಗಳು ಗೋಕರ್ಣ, ಇಡಗುಂಜಿ, ಮುರ್ಡೇಶ್ವರದ ಕಡೆಗೆ ಹೊರಡುತ್ತವೆ. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲೆಯ ಮೇಲೆ ಹಾಯ್ದು ಕಡಲ ದಂಡೆ ಮುಟ್ಟುತ್ತವೆ. ದೇವರ ದರ್ಶನವಾಯಿತು, ಸಮುದ್ರ ಸ್ನಾನವಾಯಿತು, ಊಟವೂ ಆಯಿತು. ಮೂರೂವರೆ, ನಾಲ್ಕರ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಇಲ್ಲೆ ಛಲೋ ಚಹಾ ಎಲ್ಲಿ ಸಿಗತೈತಿ?"

ಹಾಲು ಉತ್ಪಾದಕರ ಪತ್ರಿಕೆಯಲ್ಲಿ ಚಹಾದ ಮಾತೇಕೆ ಎಂದು ತಾವು ಕೇಳಬಹುದು. ಕಾರಣವಿದೆ. ಗದಗ ಸೀಮೆ ಮತ್ತು ಉತ್ತರ ಕನ್ನಡ ಎರಡೂ ಧಾರವಾಡ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿಯೇ ಬಂದವು. ಗೋಕರ್ಣದ ಅಂಗಡಿಯವನು ನಂದಿನಿ ಹಾಲಿನ ಪೊಟ್ಟಣ ಕತ್ತರಿಸಿ ಪಾತ್ರೆಗೆ ಸುರಿಯುವಾಗ, ಅದರಲ್ಲಿ ಮುಂಡರಗಿ ತಾಲೂಕಿನ ಯಾವುದೋ ಹಕ್ಕಿಯ ಎಮ್ಮೆಯ ಹಾಲೂ ಕೂಡಿರಬಹುದು. ಅಂದ ಮೇಲೆ ಒಳ್ಳೆಯ ಚಹಾ ಹುಡುಕುವುದೆಂದರೆ ನಾವು ಕಳಿಸಿದ ಹಾಲು ಕೊನೆಯವರೆಗೆ ಹೇಗೆ ಉಳಿದಿದೆ ಎಂದು ನೋಡುವುದೂ ಹೌದು.

ಇಳಿಹೊತ್ತಿನ ಚಹಾ ಏಕೆ ಕಠಿಣ?

ಬೆಳಗಿನ ಚಹಾ ಎಲ್ಲಿ ಕುಡಿದರೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹಾಲು ಆಗಷ್ಟೇ ಬಂದಿರುತ್ತದೆ, ಹೊತ್ತು ತಂಪಾಗಿರುತ್ತದೆ. ಮಧ್ಯಾಹ್ನದ ನಂತರ ಹಾಗಲ್ಲ. ಬೆಳಗಿನ ಹಾಲು ಅಷ್ಟು ಹೊತ್ತಿಗೆ ಹಲವು ತಾಸಿನ ಬಿಸಿಲು, ಸೆಕೆ ಕಂಡಿರುತ್ತದೆ.

ಕೆಚ್ಚಲಿನಿಂದ ಹೊರಬಂದ ಹಾಲಿಗೆ ಸ್ವಲ್ಪ ಹೊತ್ತು ತನ್ನದೇ ಆದ ರಕ್ಷಣಾ ಶಕ್ತಿ ಇರುತ್ತದೆ. ಬೆಚ್ಚಗಿನ ಹವೆಯಲ್ಲಿ ಅದು ಸುಮಾರು ಎರಡು ತಾಸಿನಲ್ಲಿ ಕುಂದುತ್ತದೆ. ಆ ಮೇಲೆ ಹಾಲಿನಲ್ಲಿರುವ ಸೂಕ್ಷ್ಮಜೀವಿಗಳು ಬೇಗ ಬೇಗ ಇಮ್ಮಡಿಯಾಗತೊಡಗುತ್ತವೆ. ಒಂದು ಸೂಕ್ಷ್ಮಜೀವಿ ಅರ್ಧ ತಾಸಿಗೊಮ್ಮೆ ಇಮ್ಮಡಿಯಾಯಿತೆಂದು ಲೆಕ್ಕ ಹಿಡಿಯಿರಿ. ಐದು ತಾಸಿನಲ್ಲಿ ಅದು ಸಾವಿರ ದಾಟುತ್ತದೆ. ಇವು ಹಾಲಿನ ಸಕ್ಕರೆಯನ್ನು ತಿಂದು ಆಮ್ಲವನ್ನು, ಅಂದರೆ ಹುಳಿಯನ್ನು, ಹುಟ್ಟಿಸುತ್ತವೆ. ತಾಜಾ ಹಾಲಿನ ಆಮ್ಲತೆ ಶೇಕಡಾ 0.13ರಿಂದ 0.15ರಷ್ಟು ಇರುತ್ತದೆ. ಅದು 0.20ರ ಆಸುಪಾಸಿಗೆ ಏರಿದರೆ ಹಾಲು ಕಾಯಿಸುವಾಗಲೇ ಒಡೆಯುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಚಹಾದ ಡಿಕಾಕ್ಷನ್ ಸ್ವತಃ ತುಸು ಆಮ್ಲ ಗುಣದ್ದು. ಆದ್ದರಿಂದ ಬರಿದೇ ಕಾಯಿಸಿದಾಗ ಒಡೆಯದೆ ಉಳಿದ ಹಾಲು ಕೂಡ ಚಹಾಕ್ಕೆ ಬಿದ್ದ ಕೂಡಲೇ ಒಡೆಯಬಹುದು. ಎಂದೇ ಇಳಿಹೊತ್ತಿನ ಚಹಾ ಬೆಳಗಿನ ಹಾಲಿಗೆ ನಿಜವಾದ ಪರೀಕ್ಷೆ. ಸಂಘದಲ್ಲಿ ಹಾಲಿಗೆ ಸಮ ಪ್ರಮಾಣದ ಮದ್ಯಸಾರ ಬೆರೆಸಿ ನೋಡುವುದೂ ಇದೇ ಉದ್ದೇಶಕ್ಕೆ, ಬಿಸಿ ತಾಳುವ ಶಕ್ತಿ ಹಾಲಿಗೆ ಉಳಿದಿದೆಯೇ ಎಂದು ತಿಳಿಯಲಿಕ್ಕೆ.

ನಮ್ಮ ಊರಿನ ಅಳತೆಗೋಲು

ಪರಊರಿನ ಚಹಾ ಅಳೆಯುವ ಮುನ್ನ ನಮ್ಮ ನಾಲಿಗೆ ಯಾವುದಕ್ಕೆ ಒಗ್ಗಿದೆ ಎಂಬುದನ್ನು ತಿಳಿದಿರಬೇಕು. ಗದಗ-ಬೆಟಗೇರಿಯಲ್ಲಿ ಸಂಜೆಮುಂದೆ ಮಿರ್ಚಿ ಭಜಿ, ಗಿರಮಿಟ್ ತಿಂದು ಚಹಾ ಕುಡಿಯುವುದು ರೂಢಿ. ಖಾರ ತಿಂದ ಬಾಯಿಗೆ ಬರಿ ನೀರು ಕುಡಿದರೆ ಉರಿ ಇಳಿಯುವುದಿಲ್ಲ. ಹಾಲಿನಲ್ಲಿರುವ ಕೇಸಿನ್ ಎಂಬ ಸಸಾರಜನಕ ಮೆಣಸಿನಕಾಯಿಯ ಖಾರವನ್ನು ಹಿಡಿದು ಎಳೆಯುತ್ತದೆ. ಚಹಾದ ಒಗರನ್ನು ಮೆತ್ತಗೆ ಮಾಡುವುದೂ ಅದೇ ಕೇಸಿನ್. ಹಾಲು ಮುಂದಾದ ಗಟ್ಟಿ ಚಹಾ ನಮಗೆ ಹಿತವಾಗುವುದು ಇದರಿಂದಲೇ.

ಎಮ್ಮೆ ಹಾಲಿನಲ್ಲಿ ಜಿಡ್ಡು, ಜಿಡ್ಡೇತರ ಘನಾಂಶ ಎರಡೂ ಹೆಚ್ಚು. ಅದರ ಚಹಾ ದಪ್ಪಗಿರುತ್ತದೆ. ಟೋನ್ಡ್ ಹಾಲಿನಲ್ಲಿ ಶೇಕಡಾ 3 ಜಿಡ್ಡು, 8.5 ಜಿಡ್ಡೇತರ ಘನಾಂಶ ಇರಬೇಕೆಂಬುದು ನಿಯಮ. ಅದಕ್ಕೆ ನೀರು ಕಡಿಮೆ ಹಿಡಿದರೆ ಚಹಾ ಚೆನ್ನಾಗಿಯೇ ಆಗುತ್ತದೆ. ಆದ್ದರಿಂದ ಕಡಲ ದಂಡೆಯ ಚಹಾ ಮನೆಯ ಎಮ್ಮೆ ಹಾಲಿನ ಚಹಾದಷ್ಟು ದಪ್ಪವಿಲ್ಲ ಎಂದು ಅದನ್ನು ಕೆಟ್ಟದ್ದೆನ್ನಬೇಡಿರಿ. ತೆಳುವು ಬೇರೆ, ಕೆಟ್ಟದ್ದು ಬೇರೆ.

ಒಳ್ಳೆಯ ಅಂಗಡಿ ಗುರುತಿಸುವುದು ಹೇಗೆ?

ಗೋಕರ್ಣವಿರಲಿ, ಮುರ್ಡೇಶ್ವರವಿರಲಿ, ಕಾರವಾರವಿರಲಿ, ಕುಳಿತುಕೊಳ್ಳುವ ಮುನ್ನ ಈ ಕೆಳಗಿನವನ್ನು ಒಂದು ಕ್ಷಣ ನಿಂತು ನೋಡಿರಿ.

1. ಗಿರಾಕಿ ಯಾರು? ಬಸ್ಸಿನ ಚಾಲಕರು, ಬಂದರಿನ ಕೆಲಸಗಾರರು, ಪೇಟೆಯ ಅಂಗಡಿಕಾರರು ಕುಡಿಯುವ ಕಡೆ ಚಹಾ ಮೇಲಿಂದ ಮೇಲೆ ಹೊಸದಾಗಿ ಆಗುತ್ತಿರುತ್ತದೆ. ದಿನವೂ ಬರುವ ಗಿರಾಕಿ ಕೆಟ್ಟ ಚಹಾವನ್ನು ಎರಡನೆಯ ಸಲ ಕುಡಿಯುವುದಿಲ್ಲ. ಒಂದೇ ಸಲ ಬರುವ ಪ್ರವಾಸಿಯನ್ನು ನಂಬಿದ ಅಂಗಡಿಗೆ ಆ ಅಂಜಿಕೆ ಕಡಿಮೆ. ಮರಳ ದಂಡೆ ಬಿಟ್ಟು ಒಂದು ಓಣಿ ಒಳಗೆ ನಡೆದರೆ ಲಾಭವೇ ಹೆಚ್ಚು.

2. ಹಾಲಿನ ಪಾತ್ರೆ ಹೇಗಿದೆ? ಮುಚ್ಚಳವಿರಬೇಕು. ಅಂಚಿನಲ್ಲಿ ಹಳದಿ ಕರೆ ಕಟ್ಟಿರಬಾರದು. ಹಳೆಯ ಹಾಲು ಮುಗಿಯುವ ಮುನ್ನ ಅದರ ಮೇಲೆಯೇ ಹೊಸ ಹಾಲು ಸುರಿಯುವುದನ್ನು ಕಂಡರೆ ಎದ್ದು ಬನ್ನಿರಿ. ಹಳೆಯದರ ಹುಳಿ ಹೊಸದನ್ನೂ ಕೆಡಿಸುತ್ತದೆ.

3. ಪೊಟ್ಟಣಗಳು ಎಲ್ಲಿವೆ? ಫ್ರಿಜ್ಜಿನಲ್ಲಿಯೋ ಬರ್ಫದ ಪೆಟ್ಟಿಗೆಯಲ್ಲಿಯೋ ಇರಬೇಕು. ಬಿಸಿಲಿಗೆ ಇಟ್ಟ ಕ್ರೇಟಿನಲ್ಲಿದ್ದರೆ ಎಷ್ಟು ಒಳ್ಳೆಯ ಡೇರಿಯ ಹಾಲಾದರೂ ಉಳಿಯದು. ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ 15 ಸೆಕೆಂಡು ಕಾಯಿಸಿ ಕೂಡಲೇ ತಣಿಸುತ್ತಾರೆ. ಇದರಿಂದ ರೋಗಕಾರಕ ಜೀವಿಗಳು ಸಾಯುತ್ತವೆಯೇ ಹೊರತು ಎಲ್ಲ ಜೀವಿಗಳೂ ಅಲ್ಲ. ಉಳಿದವನ್ನು ತಡೆಯುವುದು ತಂಪು ಮಾತ್ರ.

4. ಸೋಸುವ ಬಟ್ಟೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಹುಳಿ ವಾಸನೆಯ ಬಟ್ಟೆಯಲ್ಲಿ ಸೋಸಿದರೆ ಒಳ್ಳೆಯ ಚಹಾವೂ ಕೆಡುತ್ತದೆ.

5. ನೀರು. ಕಡಲ ಸಮೀಪದ ಕೆಲವು ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ನಮ್ಮ ಕಡೆ ಬೋರಿನ ಸವಳು ನೀರಿನ ಚಹಾದ ಮೇಲೆ ಕಂದು ಪರೆ ಕಟ್ಟುವುದನ್ನು ತಾವು ಬಲ್ಲಿರಿ. ಅದು ನೀರಿನಲ್ಲಿರುವ ಸುಣ್ಣದಂಶದ ಕೆಲಸ. ಮೊದಲು ಒಂದು ಲೋಟ ಕುಡಿಯುವ ನೀರು ಕೇಳಿ ರುಚಿ ನೋಡಿದರೆ ಅರ್ಧ ಉತ್ತರ ಸಿಕ್ಕಿತು.

6. ಕೊನೆಗೆ ನೇರವಾಗಿ ಕೇಳಿರಿ. "ಮಾರಾಯ್ರೆ, ಹಾಲು ಈಗ ಕಾಯಿಸಿದ್ದಾ?" ಎಂದರೆ ಒಳ್ಳೆಯ ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ. "ಐದು ನಿಮಿಷ ಕೂತ್ಕೊಳ್ಳಿ" ಎಂದರೆ ಕೂರಿರಿ. ಆ ಐದು ನಿಮಿಷ ಹೊಸ ಚಹಾದ ಬೆಲೆ.

ಚಹಾದ ಜೊತೆ ಅಲ್ಲಿ ಗೋಳಿಬಜೆ, ಬನ್ಸ್ ಸಿಗುತ್ತವೆ. ಎರಡರ ಹಿಟ್ಟಿಗೂ ಮೊಸರು ಬೀಳುತ್ತದೆ. ಹಾಲಿನ ಹುಳಿಗೆ ಯೋಗ್ಯ ಸ್ಥಳ ಬಜೆಯ ಹಿಟ್ಟು, ಚಹಾದ ಬಸಿಯಲ್ಲ. ಹಾಲು ನಂಬಿಗೆ ಬಾರದ ಕಡೆ ಹಾಲಿಲ್ಲದ ಲಿಂಬೆ ಚಹಾ ಕುಡಿದು ಬರುವುದು ಲೇಸು.

ಒಡೆದರೆ ತಪ್ಪು ಯಾವಾಗಲೂ ಹಾಲಿನದೇ?

ಅಲ್ಲ. ಹಸಿಶುಂಠಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಒಂದು ಕಿಣ್ವವಿದೆ. ಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಹಾಲಿಗೇ ಹಸಿಶುಂಠಿ ಜಜ್ಜಿ ಹಾಕಿದರೆ ತಾಜಾ ಹಾಲೂ ಒಡೆಯಬಹುದು. ಬೆಲ್ಲದಲ್ಲಿಯೂ ಆಮ್ಲದಂಶ ಇರುವುದರಿಂದ ಬೆಲ್ಲದ ಚಹಾ ಮಾಡುವವರು ಒಲೆ ಆರಿಸಿದ ಮೇಲೆ ಕೊನೆಗೆ ಬೆಲ್ಲ ಬೆರೆಸಬೇಕು. ಹಿಂದಿನ ದಿನದ ಹಾಲು ಅಂಟಿದ ಪಾತ್ರೆಯೂ ಇದೇ ಕೆಲಸ ಮಾಡುತ್ತದೆ. ಅಂಗಡಿಯವನೂ ಡೇರಿಯೂ ಒಬ್ಬರನ್ನೊಬ್ಬರು ದೂರುವ ಮುನ್ನ ಇದನ್ನು ನೋಡಬೇಕು.

ಆದರೆ ಹಾಲಿನದೇ ತಪ್ಪಾಗಿದ್ದರೆ ಅದರ ಮೂಲ ಬಹುಮಟ್ಟಿಗೆ ಹಳ್ಳಿಯಲ್ಲಿಯೇ ಇರುತ್ತದೆ. ಒಮ್ಮೆ ಹುಟ್ಟಿದ ಹುಳಿಯನ್ನು ಯಾವ ಡೇರಿಯ ಯಂತ್ರವೂ ಕಾಯಿಸಿ ತೆಗೆಯಲಾರದು. ಈ ಮಾತನ್ನು ದಯವಿಟ್ಟು ನೆನಪಿಡಿರಿ.

ಸೋಡಾ ಎಂಬ ಕಳ್ಳ ಉಪಾಯ

ಹುಳಿ ಏರಿದ ಹಾಲಿಗೆ ಚಿಟಿಕೆ ಸೋಡಾ ಹಾಕಿದರೆ ಅದು ಕಾಯಿಸುವಾಗ ಒಡೆಯದೆ ಪಾರಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಇದು ಕಲಬೆರಕೆ, ಕಾನೂನಿನ ಪ್ರಕಾರ ಅಪರಾಧ. ಸೋಡಾ ಹುಳಿಯನ್ನು ಮುಚ್ಚುತ್ತದೆಯೇ ಹೊರತು ಸೂಕ್ಷ್ಮಜೀವಿಗಳನ್ನು ತೆಗೆಯುವುದಿಲ್ಲ. ರೋಸಾಲಿಕ್ ಆಮ್ಲದ ಪರೀಕ್ಷೆಯಲ್ಲಿ ಇಂಥ ಹಾಲು ಗುಲಾಬಿ ಕೆಂಪು ಬಣ್ಣ ತೋರಿ ಸಿಕ್ಕಿ ಬೀಳುತ್ತದೆ. ಚಹಾದಲ್ಲಿಯೂ ಗುಟ್ಟು ಉಳಿಯದು. ಲಿಂಬೆರಸ ಹಿಂಡಿದರೆ ಚಹಾದ ಬಣ್ಣ ತಿಳಿಯಾಗುವಂತೆ, ಸೋಡಾ ಬಿದ್ದರೆ ಬಣ್ಣ ಕಪ್ಪಾಗುತ್ತದೆ, ರುಚಿ ಸಪ್ಪೆಯಾಗಿ ಸಾಬೂನಿನಂತಾಗುತ್ತದೆ. ಆ ಚಹಾ ಕುಡಿದವನಿಗೆ ಯಾರು ಹಾಕಿದರೆಂದು ಗೊತ್ತಾಗದು. ಅವನು ದೂರುವುದು ಪೊಟ್ಟಣದ ಮೇಲಿನ ಹೆಸರನ್ನು, ಅಂದರೆ ನಮ್ಮೆಲ್ಲರನ್ನು.

ನಿಮ್ಮ ಅಂಗಳದಲ್ಲಿ ಆಗಬೇಕಾದದ್ದು

ಕಡಲ ದಂಡೆಯ ನಾಲ್ಕು ಗಂಟೆಯ ಚಹಾ ನಿಮ್ಮ ಹಕ್ಕಿಯಲ್ಲಿ ನಸುಕಿನಲ್ಲೇ ಆರಂಭವಾಗುತ್ತದೆ.

ಕೆಚ್ಚಲನ್ನು ತೊಳೆದು ಒಣ ಬಟ್ಟೆಯಿಂದ ಒರೆಸಿರಿ. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಬೇರೆ ಬಟ್ಟಲಿಗೆ ಹಿಂಡಿ ನೋಡಿರಿ. ಗಂಟು, ನೀರು, ರಕ್ತ ಕಂಡರೆ ಕೆಚ್ಚಲು ಬಾವು ಎಂದು ತಿಳಿಯಿರಿ. ಆ ಹಾಲು ಉಪ್ಪುಪ್ಪಾಗಿರುತ್ತದೆ, ಅದನ್ನು ಸಂಘಕ್ಕೆ ತರಬೇಡಿರಿ. ಚುಚ್ಚುಮದ್ದು ಹಾಕಿಸಿದ ರಾಸಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಬೇರೆ ಇಡಿರಿ. ಈದ ಹೊಸತರಲ್ಲಿ ಬರುವ ಗಿಣ್ಣದ ಹಾಲು ಕಾದ ಕೂಡಲೇ ಗಟ್ಟಿಯಾಗುತ್ತದೆ. ಅದು ಕರುವಿನ ಪಾಲು, ಮಿಕ್ಕರೆ ಮನೆಯವರ ಪಾಲು.

ಪ್ಲಾಸ್ಟಿಕ್ ಕೊಡ, ಎಣ್ಣೆಯ ಡಬ್ಬಿ ಬೇಡ. ಸಂದುಗಳಿಲ್ಲದ ಸ್ಟೀಲ್ ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿರಿ. ನಿನ್ನೆ ಸಂಜೆಯ ಹಾಲನ್ನು ಇಂದು ಬೆಳಗಿನ ಹಾಲಿಗೆ ಎಂದೂ ಬೆರೆಸಬೇಡಿರಿ. ಕರೆದ ಕೂಡಲೇ ಸಂಘಕ್ಕೆ ತಲುಪಿಸಿರಿ. ಸಂಘದಲ್ಲಿ ಸಾಲು ಉದ್ದವಿದ್ದರೆ ಪಾತ್ರೆಗೆ ಹಸಿ ಬಟ್ಟೆ ಸುತ್ತಿ ನೆರಳಿನಲ್ಲಿಡಿರಿ. ತಂಪು ಮಾಡುವ ಯಂತ್ರ ಹಾಲನ್ನು 4 ಡಿಗ್ರಿಗೆ ಇಳಿಸುವವರೆಗೆ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಒಬ್ಬರ ಒಂದು ಲೀಟರ್ ಹುಳಿ ಹಾಲು 40 ಲೀಟರಿನ ಕ್ಯಾನನ್ನು ಕೆಡಿಸಬಲ್ಲದು. ಕ್ಯಾನು ತಿರುಗಿ ಬಂದರೆ ನಷ್ಟ ಆ ಒಬ್ಬರದಲ್ಲ, ಅಂದು ಹಾಲು ಹಾಕಿದ ಎಲ್ಲರದು. ಒಂದೇ ರಾಸಿನ ಹಾಲನ್ನು ನಂಬಿದ ಬಡ ಕುಟುಂಬಕ್ಕೆ ಅದು ಆ ಹೊತ್ತಿನ ಪೂರ್ತಿ ದುಡಿಮೆ.

ಈ ಮಾತು ನಮ್ಮ ನೆಲಕ್ಕೆ ಹೊಸದಲ್ಲ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದಾಗ ಅದರ ಬಂಡವಾಳ ಹಣಕ್ಕಿಂತ ಹೆಚ್ಚಾಗಿ ನೆರೆಯವನ ಮೇಲಿನ ನಂಬಿಗೆಯಾಗಿತ್ತು. ಹಾಲಿನ ಕ್ಯಾನು ನಡೆಯುವುದೂ ಅದೇ ನಂಬಿಗೆಯ ಮೇಲೆ.

ಮುಂದಿನ ಸಲ ಗೋಕರ್ಣಕ್ಕೆ ಹೋದಾಗ ಒಳ್ಳೆಯ ಅಂಗಡಿ ನೋಡಿ ಕುಳಿತುಕೊಳ್ಳಿರಿ, ಚಹಾವನ್ನು ಬಸಿಗೆ ಸುರಿದು ನೋಡಿರಿ. ಕಣ ಕಣವಾಗಿ ಒಡೆಯದೆ, ಒಂದೇ ಬಣ್ಣವಾಗಿ, ಮೇಲೆ ತೆಳ್ಳಗೆ ಕೆನೆ ಕಟ್ಟಿದರೆ, ಅದನ್ನು ಮಾಡಿದವರಿಗೆ ಒಂದು ಒಳ್ಳೆಯ ಮಾತು ಹೇಳಿರಿ. ಊರಿಗೆ ಬಂದು ಸಂಘದ ಸಾಲಿನಲ್ಲಿ ನಿಂತಾಗ ಆ ಅಂಗಡಿಯ ಸಂಗತಿಯನ್ನು ನೆರೆಯವರಿಗೂ ತಿಳಿಸಿರಿ.