ರಿಪೇರಿಯ ಬಳಿಕ ಕೂಗುವ ಬ್ರೇಕು

ಹೊಸ ಲೈನಿಂಗು ಹಾಕಿಸಿಕೊಂಡು ವರ್ಕ್‌ಷಾಪಿನಿಂದ ಹೊರಬಿದ್ದ ಹಳೆಯ ಕಾರು, ಮೊದಲನೆಯ ತಿರುವಿನಲ್ಲಿಯೇ ‘ಕಿರ್‌ರ್’ ಎಂದು ಚೀರುವುದುಂಟು. ಬಿಲ್ಲಿನ ಹಣವನ್ನು ಆಗತಾನೆ ತೆತ್ತು ಬಂದ ಯಜಮಾನರಿಗೆ ಆ ಸದ್ದು ಕಿವಿಗಿಂತ ಹೆಚ್ಚಾಗಿ ಮನಸ್ಸನ್ನು ಚುಚ್ಚುತ್ತದೆ. ಮೆಕ್ಯಾನಿಕನನ್ನು ಕೇಳಿದರೆ, “ಹೊಸದಲ್ವಾ ಸಾರ್, ನಾಲ್ಕು ದಿನ ಓಡಿಸಿ, ತಾನಾಗಿ ಸರಿಹೋಗುತ್ತೆ” ಎಂಬ ಅಭಯ ದೊರೆಯುತ್ತದೆ. ಈ ಅಭಯ ಅನೇಕ ವೇಳೆ ನಿಜ. ಕೆಲವು ವೇಳೆ ಪ್ರಾಣಕ್ಕೇ ಸಂಚಕಾರ. ಯಾವುದು ಯಾವಾಗ ಎಂಬುದನ್ನು ವಿವೇಚಿಸುವ ಶಕ್ತಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕಾರು ನಡೆಸುವ ಪ್ರತಿಯೊಬ್ಬ ಗೃಹಸ್ಥನಿಗೂ ಸ್ವಲ್ಪಮಟ್ಟಿಗಾದರೂ ಇರಬೇಕು.

ಸದ್ದು ಹುಟ್ಟುವ ಬಗೆ

ಪಿಟೀಲಿನ ಕಮಾನಿಗೆ ರಾಳ ಸವರುವುದನ್ನು ಸಂಗೀತ ಕಛೇರಿಗೆ ಹೋದವರೆಲ್ಲರೂ ಬಲ್ಲರು. ರಾಳ ಹಚ್ಚಿದ ಕಮಾನು ತಂತಿಯನ್ನು ಕ್ಷಣಕಾಲ ಹಿಡಿದೆಳೆದು ಬಿಡುತ್ತದೆ. ಮತ್ತೆ ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಹಿಡಿತ ಬಿಡಿತದಿಂದಲೇ ನಾದ ಹೊಮ್ಮುತ್ತದೆ. ಬ್ರೇಕಿನಲ್ಲಿ ನಡೆಯುವುದೂ ಇದಕ್ಕೆ ಹತ್ತಿರದ ವ್ಯಾಪಾರವೇ. ತಿರುಗುತ್ತಿರುವ ಡ್ರಮ್ಮನ್ನಾಗಲಿ ಡಿಸ್ಕನ್ನಾಗಲಿ ಲೈನಿಂಗು ಒತ್ತಿ ಹಿಡಿದಾಗ ಘರ್ಷಣೆಯಿಂದ ಕಂಪನ ಏಳುತ್ತದೆ. ಸೆಕೆಂಡಿಗೆ ಸಾವಿರ ಕಂಪನಗಳನ್ನು ಮೀರಿದಾಗ ಅದು ಕೀರಲು ಸ್ವರವಾಗಿ ಕೇಳಿಸುತ್ತದೆ.

ಈ ಕಾಟ ಬ್ರೇಕಿನಷ್ಟೇ ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಹಕ್ಕುಪತ್ರ ಪಡೆದಾಗ, ಅದರ ಪ್ಯಾಡುಗಳಿಗೆ ತಾಮ್ರ ಹೊದಿಸಿದ್ದನು. ಲೋಹಕ್ಕೆ ಲೋಹ ತಿಕ್ಕಿ ಏಳುತ್ತಿದ್ದ ಕಿರುಚಾಟವು ಅದರ ದೊಡ್ಡ ದೋಷವಾಗಿತ್ತು. ಕೆಲವು ವರ್ಷಗಳ ಅನಂತರ ಹರ್ಬರ್ಟ್ ಫ್ರೂಡನು ಕಲ್ನಾರಿನ ಲೈನಿಂಗನ್ನು ಬಳಕೆಗೆ ತಂದ ಮೇಲೆ ಕಿವಿಗಳಿಗೆ ನೆಮ್ಮದಿ ದೊರಕಿತು. ಆ ಕಲ್ನಾರು ಶ್ವಾಸಕೋಶಕ್ಕೆ ಶತ್ರುವೆಂಬುದು ಲೋಕಕ್ಕೆ ಮನದಟ್ಟಾಗಲು ದಶಕಗಳೇ ಬೇಕಾದವು.

ಮೊದಲು ಕಿವಿಯ ಕೆಲಸ

ವೈದ್ಯನು ಔಷಧ ಕೊಡುವ ಮುನ್ನ ನಾಡಿ ಹಿಡಿಯುವಂತೆ, ಚಕ್ರ ಬಿಚ್ಚುವ ಮುನ್ನ ಕೆಲವು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಪೆಡಲು ತುಳಿದಾಗ ಮಾತ್ರ ಸದ್ದು ಬರುತ್ತದೆಯೋ, ತುಳಿಯದಿದ್ದಾಗಲೂ ಬರುತ್ತದೆಯೋ? ವೇಗ ಹೆಚ್ಚಿದಂತೆ ಅದರ ತಾಳವೂ ಚುರುಕಾಗುತ್ತದೆಯೋ? ಬೆಳಗಿನ ತಣ್ಣನೆಯ ಬ್ರೇಕಿನಲ್ಲಿಯೋ, ಹತ್ತು ಮೈಲಿ ಓಡಿ ಕಾದ ಮೇಲೋ? ಮುಂದಕ್ಕೆ ಹೋಗುವಾಗಲೋ, ಹಿಂದಕ್ಕೆ ತೆಗೆಯುವಾಗಲೋ?

ರಾತ್ರಿ ಮಳೆಯಲ್ಲಿ ನಿಂತ ಕಾರು ಬೆಳಗ್ಗೆ ಒಂದೆರಡು ಬಾರಿ ಕರಕರ ಎಂದು ಸುಮ್ಮನಾದರೆ ಚಿಂತೆಯಿಲ್ಲ. ಕಬ್ಬಿಣದ ಮೇಲೆ ಕುಳಿತ ತೆಳುವಾದ ತುಕ್ಕು ಉಜ್ಜಿಹೋದ ಸದ್ದು ಅದು. ಬ್ರೇಕು ತುಳಿಯದೆಯೇ ಬರುವ ಗುಂಯ್‌ಗುಡುವಿಕೆ ಕಾರನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಏರಿಳಿದರೆ, ಅಪರಾಧಿ ಬ್ರೇಕಲ್ಲ, ಚಕ್ರದ ಬೇರಿಂಗು ಇರಬಹುದು.

ಸದ್ದು ಯಾವ ಚಕ್ರದ್ದೆಂದು ತಿಳಿಯಲು ಸುಲಭ ಉಪಾಯವೊಂದಿದೆ. ಜನಸಂಚಾರವಿಲ್ಲದ ರಸ್ತೆಯಲ್ಲಿ, ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ, ಗಾಜುಗಳನ್ನು ಇಳಿಸಿ ನಿಧಾನವಾಗಿ ಸಾಗಬೇಕು. ಗೋಡೆ ಸದ್ದನ್ನು ಹಿಂದಿರುಗಿಸುವುದರಿಂದ ಆ ಬದಿಯ ಚಕ್ರಗಳ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಮರಳಿ ಬರುವಾಗ ಇನ್ನೊಂದು ಬದಿಯ ಪರೀಕ್ಷೆಯಾಗುತ್ತದೆ. ಹ್ಯಾಂಡ್‌ಬ್ರೇಕು ಹಿಂದಿನ ಚಕ್ರಗಳನ್ನು ಹಿಡಿಯುವ ಕಾರಾದರೆ, ಅದೇ ನಿಧಾನಗತಿಯಲ್ಲಿ ಅದನ್ನು ಮೆಲ್ಲನೆ ಎಳೆದು ನೋಡಬಹುದು. ಸದ್ದು ಆಗಲೂ ಬಂದರೆ ದೋಷ ಹಿಂದಿನದೆಂಬ ಅನುಮಾನ ಬಲಪಡುತ್ತದೆ.

ರಿಪೇರಿಯಲ್ಲಿ ಮುಟ್ಟಿದ್ದೇನು?

ರಿಪೇರಿಗೆ ಮುನ್ನ ಇಲ್ಲದ ಸದ್ದು ಅನಂತರ ಬಂದರೆ, ಮುಟ್ಟಿದ ಭಾಗವನ್ನೇ ಮೊದಲು ಶಂಕಿಸುವುದು ನ್ಯಾಯ. ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ಮುಗಳೇ ಇದ್ದವು. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರಿನ ತಯಾರಿಕೆ ನಿಂತಿತು. ಆದರೂ ಆ ಕಾರುಗಳನ್ನು ಮಕ್ಕಳಂತೆ ಸಾಕುತ್ತಿರುವವರು ಇಂದಿಗೂ ಇದ್ದಾರೆ.

ಡ್ರಮ್ಮಿನ ಒಳವರ್ತುಲಕ್ಕೂ ಹೊಸ ಶೂವಿನ ಬಾಗಿಗೂ ಕೂದಲೆಳೆಯಷ್ಟು ಅಂತರವಿದ್ದರೆ ಲೈನಿಂಗು ಪೂರ್ತಿಯಾಗಿ ಕೂರದೆ, ತುದಿಗಳಲ್ಲಿ ಮಾತ್ರ ತಾಗಿ ಚೀರುತ್ತದೆ. ಕೆಲವು ನೂರು ಕಿಲೋಮೀಟರು ಹದವಾಗಿ ಓಡಿಸಿದ ಮೇಲೆ ಅದು ಸವೆದು ಹೊಂದಿಕೊಳ್ಳುತ್ತದೆ. ಮೆಕ್ಯಾನಿಕನ ‘ನಾಲ್ಕು ದಿನ’ದ ಮಾತು ಇಲ್ಲಿ ಸತ್ಯ. ಲೈನಿಂಗಿನ ತುದಿಗಳನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿ ಕೂರಿಸುವ ಅನುಭವಸ್ಥರೂ ಉಂಟು.

ಆದರೆ ಹೊಂದಿಕೊಳ್ಳದ ದೋಷಗಳೂ ಇವೆ. ಡ್ರಮ್ಮನ್ನು ಲೇತಿಗೆ ಕೊಟ್ಟು ಅವಸರದಲ್ಲಿ ತಿರುಗಿಸಿದರೆ ಒಳಗೆ ಸ್ಕ್ರೂವಿನ ಎಳೆಯಂತಹ ಸುರುಳಿ ಗೀರು ಉಳಿಯುತ್ತದೆ. ಬ್ರೇಕು ಹಿಡಿದಾಗ ಶೂ ಆ ಗೀರನ್ನೇ ಹಿಡಿದು ಹೊರಕ್ಕೆ ಜರುಗಿ, ಸ್ಪ್ರಿಂಗಿನ ಎಳೆತಕ್ಕೆ ‘ಟಕ್’ ಎಂದು ಹಿಂದಕ್ಕೆ ಬೀಳುತ್ತದೆ. ಶೂಗಳು ಜಾರುವ ತಗಡಿನ ಮೇಲೆ, ಶಾಖಕ್ಕೆ ಕರಗದ ಗ್ರೀಸನ್ನು ತೆಳ್ಳಗೆ ಸವರದಿದ್ದರೆ ಕಿರುಗುಟ್ಟುತ್ತದೆ. ಶೂಗಳನ್ನು ಅತಿಯಾಗಿ ಬಿಗಿದಿದ್ದರೆ ಚಕ್ರ ಸದಾ ಉಜ್ಜುತ್ತ, ಸ್ವಲ್ಪ ದೂರ ಓಡುವಷ್ಟರಲ್ಲಿ ಆ ಡ್ರಮ್ಮು ಉಳಿದವುಗಳಿಗಿಂತ ಹೆಚ್ಚು ಕಾಯುತ್ತದೆ.

ಮುಂದೆ ಡಿಸ್ಕ್ ಇರುವ ಕಾರುಗಳ ಕಥೆ ಬೇರೆ. ಪ್ಯಾಡಿನ ಬೆನ್ನಿಗಿರುವ ತೆಳು ತಗಡನ್ನೋ, ಅದನ್ನು ಅಲುಗದಂತೆ ಹಿಡಿಯುವ ಕ್ಲಿಪ್ಪನ್ನೋ ಮರಳಿ ಹಾಕಲು ಮರೆತರೆ ಕೀರಲು, ಗಡಗಡ ಎರಡೂ ಬರುತ್ತವೆ. ಡಿಸ್ಕಿನ ಹಿಂದಿರುವ ಧೂಳು ತಡೆಯುವ ತಗಡು ಕೆಲಸದ ವೇಳೆ ಬಾಗಿ ಡಿಸ್ಕಿಗೆ ತಾಗಿದರೆ, ಬ್ರೇಕು ತುಳಿಯದಿದ್ದಾಗಲೂ ಚಕ್ರದ ಗತಿಗೆ ಸರಿಯಾಗಿ ಸರ್ ಸರ್ ಎನ್ನುತ್ತದೆ. ಇದರಷ್ಟು ಭಯ ಹುಟ್ಟಿಸುವ ಸದ್ದೂ ಇಲ್ಲ, ಇದರಷ್ಟು ಸುಲಭವಾದ ರಿಪೇರಿಯೂ ಇಲ್ಲ. ತಗಡನ್ನು ಬೆರಳಿನಿಂದ ಹಿಂದಕ್ಕೆ ಬಗ್ಗಿಸಿದರೆ ಮುಗಿಯಿತು. ಕೆಲವು ಪ್ಯಾಡುಗಳಿಗೆ ಉಕ್ಕಿನ ಸಣ್ಣ ನಾಲಿಗೆಯನ್ನು ಬೇಕೆಂದೇ ಇಟ್ಟಿರುತ್ತಾರೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಗುಲಿ, ‘ನನ್ನನ್ನು ಬದಲಾಯಿಸಿ’ ಎಂದು ಕೂಗುತ್ತದೆ. ಹೊಸ ಪ್ಯಾಡಿನಲ್ಲಿಯೂ ಅದು ಕೂಗಿದರೆ, ಜೋಡಣೆಯಲ್ಲಿ ತಪ್ಪಿದೆಯೆಂದೇ ಅರ್ಥ.

ತಕ್ಷಣ ನಿಲ್ಲಿಸಬೇಕಾದ ಸದ್ದು

ಪೆಡಲು ತುಳಿದಾಗ ಒರಳುಕಲ್ಲು ತಿರುವಿದಂತೆ ಗೊರಗೊರ ಎಂದು ಲೋಹಕ್ಕೆ ಲೋಹ ಮಸೆಯುವ ಸದ್ದು ಬಂದರೆ, ಅಥವಾ ಸದ್ದಿನೊಡನೆ ಕಾರು ಒಂದು ಬದಿಗೆ ಎಳೆದರೆ, ಪೆಡಲು ಮೆತ್ತಗಾಗಿ ಕೆಳಗಿಳಿದರೆ, ಸುಟ್ಟ ವಾಸನೆ ಬಂದರೆ, ‘ಮನೆ ಹತ್ತಿರವೇ ಇದೆಯಲ್ಲ’ ಎಂಬ ಲೆಕ್ಕ ಹಾಕಬಾರದು. ಲೈನಿಂಗು ಶೂವಿನಿಂದ ಕಿತ್ತುಬಂದಿರಬಹುದು. ಕ್ಯಾಲಿಪರಿನ ಬೋಲ್ಟು ಸಡಿಲವಾಗಿರಬಹುದು. ವೀಲ್ ಸಿಲಿಂಡರು ಸೋರುತ್ತಿರಬಹುದು. ಕಾರನ್ನು ಅಲ್ಲಿಯೇ ಪಕ್ಕಕ್ಕೆ ನಿಲ್ಲಿಸಿ ಎಳೆಯಿಸಿಕೊಂಡು ಹೋಗುವುದಕ್ಕೆ ಆಗುವ ವೆಚ್ಚ, ಮುಂದೆ ಆಗಬಹುದಾದ ನಷ್ಟದ ಮುಂದೆ ಏನೂ ಅಲ್ಲ.

ಕೀರಲು ನಿಲ್ಲಲೆಂದು ಲೈನಿಂಗಿಗೆ ಎಣ್ಣೆಯನ್ನೋ ಗ್ರೀಸನ್ನೋ ತೋರಿಸುವವರು ಇಲ್ಲದಿಲ್ಲ. ಎಣ್ಣೆ ಬಿದ್ದರೆ ಸದ್ದು ನಿಲ್ಲುತ್ತದೆ; ಕಾರು ಮಾತ್ರ ನಿಲ್ಲುವುದಿಲ್ಲ. ಎಣ್ಣೆ ಕುಡಿದ ಲೈನಿಂಗನ್ನು ಎರಡೂ ಬದಿಯ ಚಕ್ರಗಳಲ್ಲಿ ಜೋಡಿಯಾಗಿ ಬದಲಾಯಿಸುವುದೇ ಸರಿಯಾದ ದಾರಿ. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಾಗಲಿ, ಗಾಳಿಯ ಪಂಪಿನಿಂದಾಗಲಿ ಊದಲೇಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಸಾಮಾನ್ಯವಾಗಿತ್ತು. ಅದರ ನವಿರಾದ ಎಳೆಗಳು ಉಸಿರಿನೊಡನೆ ಒಳಹೊಕ್ಕು, ಎಷ್ಟೋ ವರ್ಷಗಳ ಅನಂತರ ಕ್ಯಾನ್ಸರ್ ತರಬಲ್ಲವು. ಒದ್ದೆ ಬಟ್ಟೆಯಿಂದ ಒರೆಸುವುದು ಕೆಲಸದ ಹುಡುಗನಿಗೂ ಕ್ಷೇಮ, ಪಕ್ಕದಲ್ಲಿ ನಿಂತವರಿಗೂ ಕ್ಷೇಮ.

ಮೌನವೂ ಮೋಸ ಮಾಡೀತು

ಸದ್ದು ಅಡಗಿತೆಂದ ಮಾತ್ರಕ್ಕೆ ಬ್ರೇಕು ಸರಿಯಾಯಿತೆಂದು ಭಾವಿಸುವುದೂ ತಪ್ಪು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತ ಸದ್ದಿಲ್ಲದೆ ಕೆಡುತ್ತದೆ. ಡಾಟ್-3 ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂಬುದು ನಿಯಮ, ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಅದೇ ಆಯಿಲಿಗೆ ನಿಗದಿಯಾದ ಮಿತಿ ಕೇವಲ 140 ಡಿಗ್ರಿ. ಆಗುಂಬೆ, ಚಾರ್ಮಾಡಿಗಳಂತಹ ಘಾಟಿಯನ್ನು ಟಾಪ್ ಗೇರಿನಲ್ಲಿ ಬ್ರೇಕು ತುಳಿದುಕೊಂಡೇ ಇಳಿದರೆ, ಆಯಿಲು ಕುದಿದು ಆವಿಯಾಗಿ ಪೆಡಲು ಹಲಗೆಯವರೆಗೂ ಹೋಗಬಹುದು. ಆ ಕ್ಷಣದಲ್ಲಿ ಬ್ರೇಕು ಕೀರಲನ್ನೂ ಹೊರಡಿಸುವುದಿಲ್ಲ. ಕೆಳಗಿನ ಗೇರಿನಲ್ಲಿ ಇಳಿಯಬೇಕೆಂದು ಹಿರಿಯ ಚಾಲಕರು ಹೇಳುವುದು ಇದಕ್ಕಾಗಿಯೇ.

ಆದುದರಿಂದ ಕಾರನ್ನು ವರ್ಕ್‌ಷಾಪಿಗೆ ಮರಳಿ ಒಯ್ಯುವಾಗ ‘ಬ್ರೇಕು ಕೂಗುತ್ತಿದೆ’ ಎಂದಷ್ಟೇ ಹೇಳಿದರೆ ಸಾಲದು. ಯಾವ ಚಕ್ರ, ಯಾವ ವೇಗ, ಬಿಸಿಯೋ ತಣ್ಣಗೋ, ತುಳಿದಾಗಲೋ ಬಿಟ್ಟಾಗಲೋ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ಕೇಳಿಸಬೇಕು. ಒಂದು ಬಾರಿಗೆ ಒಂದೇ ಭಾಗವನ್ನು ಬದಲಾಯಿಸಿ ಪರೀಕ್ಷಿಸುವಂತೆ ಕೇಳಿಕೊಂಡರೆ, ದೋಷ ಯಾವುದೆಂದು ಗೊತ್ತಾಗುತ್ತದೆ, ಹಣವೂ ಉಳಿಯುತ್ತದೆ. ಕೆಲಸ ಬಲ್ಲ ಮೆಕ್ಯಾನಿಕನಿಗೆ ಇಂತಹ ಗಿರಾಕಿಯನ್ನು ಕಂಡರೆ ಬೇಸರವಾಗುವುದಿಲ್ಲ. ಅವನ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.